ಗೋಡೆಯೊಳಗಿನ ಚೊಂಬು ಯಾರದು? ತುಮಕೂರು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ತುಮಕೂರು ಜಿಲ್ಲೆ, ತುಮಕೂರು.

ವಿಷಯ: ಹಳೆಯ ಮನೆಯ ಗೋಡೆಯಲ್ಲಿ ಸಿಕ್ಕಿದ ಒಡವೆ ಮತ್ತು ನಾಣ್ಯಗಳ ಒಡೆತನವನ್ನು ವಿಧಿವತ್ತಾಗಿ ವಿಚಾರಣೆ ನಡೆಸಿ ತೀರ್ಮಾನಿಸುವ ಬಗ್ಗೆ.

ಮಾನ್ಯರೇ,

ನಾನು ಈ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಉಪನೋಂದಣಾಧಿಕಾರಿಗಳ ಕಚೇರಿಯ ಎದುರು, ಮೂವತ್ತೊಂದು ವರ್ಷ ದಸ್ತಾವೇಜು ಬರಹಗಾರನಾಗಿ ಕುಳಿತು, ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟವನು. ಊರಿನವರ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನಗಳನ್ನು ಬರೆದುಕೊಟ್ಟವನು ಈಗ ತನ್ನ ಮನೆಯ ವಿಷಯಕ್ಕೆ ಎಲ್ಲರೆದುರು ಪತ್ರ ಬರೆಯಬೇಕಾಗಿ ಬಂದುದಕ್ಕೆ ಸಂಕೋಚವಿದೆ. ಆದರೆ ಎರಡು ಕಡೆ ಲಿಖಿತ ಅರ್ಜಿ ಕೊಟ್ಟು ಐದು ತಿಂಗಳಾಯಿತು, ಒಂದಕ್ಕೂ ಸ್ವೀಕೃತಿ ಸಿಕ್ಕಿಲ್ಲ. ಊರಿನ, ಠಾಣೆಯ, ಅಧಿಕಾರಿಗಳ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವೆಲ್ಲ ತಮಗೆ ಅಂಚೆಯಲ್ಲಿ ಕಳುಹಿಸಿರುವ ಮನವಿಯಲ್ಲಿವೆ. ಯಾರ ಮೇಲಾದರೂ ಶಿಸ್ತುಕ್ರಮ ಆಗಬೇಕೆಂಬುದು ನನ್ನ ಉದ್ದೇಶವೂ ಅಲ್ಲ.

ನಡೆದದ್ದು ಇಷ್ಟು. 2009ರಲ್ಲಿ ನಾನು ಒಂದು ಹಳೆಯ ಮಾಳಿಗೆ ಮನೆಯನ್ನು ಕ್ರಯಕ್ಕೆ ಪಡೆದೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮರದ ತೊಲೆ ಜಂತೆ, ಮೇಲೆ ಕರಲು ಮಣ್ಣು ಹೊದಿಸಿದ ಚಾವಣಿ. ಬಯಲುಸೀಮೆಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಿಲ್ಲ. ಎರಡು ಮಳೆಗಾಲ ಸತತವಾಗಿ ಸೋರಿದ ಮೇಲೆ, ಕಳೆದ ಮಾಘ ಮಾಸದಲ್ಲಿ ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಯನ್ನು ಕೆಡವಿಸಲು ಇಬ್ಬರು ಕೂಲಿಯವರನ್ನು ಕರೆಸಿದೆ. ಒಬ್ಬ ಹಾರೆ ಹಾಕುತ್ತಿದ್ದ, ಒಬ್ಬ ಹೆಣ್ಣುಮಗಳು ಬಾಂಡ್ಲಿಯಲ್ಲಿ ಮಣ್ಣು ಹೊತ್ತು ಹಾಕುತ್ತಿದ್ದಳು. ದೀಪದ ಗೂಡಿನ ಕೆಳಗೆ ಒಂದು ಗೇಣಿನಷ್ಟು ಗೋಡೆ ಕುಸಿದಾಗ ಆಕೆಯೇ ಮೊದಲು ಕಂಡದ್ದು. ‘ಅಣ್ಣಾ, ಇಲ್ಲೇನೋ ಇಕ್ಕವ್ರೆ ನೋಡ್ಬಾ’ ಎಂದು ಕೂಗಿದಳು. ನಾನು ಹೋಗುವವರೆಗೆ ಇಬ್ಬರೂ ಅದನ್ನು ಮುಟ್ಟದೆ ನಿಂತಿದ್ದರು. ಈ ಮಾತು ಮುಂದೆ ಬೇಕಾಗುತ್ತದೆ, ಆದ್ದರಿಂದ ಈಗಲೇ ಹೇಳಿದ್ದೇನೆ.

ಸಿಕ್ಕಿದ್ದು ಬಾಯಿಗೆ ಸುಣ್ಣದ ಗಾರೆ ಮೆತ್ತಿದ್ದ ಒಂದು ತಾಮ್ರದ ಚೊಂಬು. ಅದನ್ನು ಮೊರದ ಮೇಲೆ ಸುರಿದು, ಕೂಲಿಯವರಿಬ್ಬರು, ನನ್ನ ಹೆಂಡತಿ ಮತ್ತು ಪಕ್ಕದ ಮನೆಯವರ ಎದುರು ಮೂರು ಸಲ ಎಣಿಸಿದೆವು. ಒಂದು ಕಾಸಿನ ಸರ, ಒಂದು ಜೊತೆ ಓಲೆ, ಒಂದೇ ಒಂದು ಬುಗುಡಿ, ಬೆಳ್ಳಿಯ ರೂಪಾಯಿಗಳು ನಲವತ್ತೊಂದು. ಜೋಡಿಯ ಇನ್ನೊಂದು ಬುಗುಡಿಗಾಗಿ ಮಣ್ಣನ್ನೆಲ್ಲ ಜರಡಿ ಹಿಡಿದರೂ ಸಿಗಲಿಲ್ಲ. ರೂಪಾಯಿಗಳಲ್ಲಿ ವಿಕ್ಟೋರಿಯಾ ರಾಣಿಯವು, ಏಳನೆಯ ಎಡ್ವರ್ಡನವು, ಐದನೆಯ ಜಾರ್ಜನವು ಇದ್ದವು; ಆರನೆಯ ಜಾರ್ಜನ ಮುಖದವು ಒಂಬತ್ತು. ಭೂತಗನ್ನಡಿ ಹಿಡಿದು ಒಂದೊಂದರ ಇಸವಿಯನ್ನೂ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತೀರ ಈಚಿನದು 1944ರದು. ಚೊಂಬಿನ ಕತ್ತಿನ ಸುತ್ತ, ಹಿಂದೆ ಪಾತ್ರೆಗಳಿಗೆ ಹೆಸರು ಹಾಕಿಸುತ್ತಿದ್ದರಲ್ಲ ಹಾಗೆ, ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಮೂರು ಕನ್ನಡ ಅಕ್ಷರಗಳಿದ್ದವು. ಅವು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗಾಗುವುದರೊಳಗೆ ಅದೇ ಅಕ್ಷರಗಳ ಹತ್ತು ಮಂದಿ ವಾರಸುದಾರರು ಹುಟ್ಟಿಕೊಳ್ಳುತ್ತಾರೆ.

ನಾನೇನು ಹರಿಶ್ಚಂದ್ರನಲ್ಲ. ಆ ರಾತ್ರಿ ಚೊಂಬು ನಮ್ಮ ದೇವರ ಕೋಣೆಯಲ್ಲಿತ್ತು, ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಗೋಡೆ ನಮ್ಮದಾದ ಮೇಲೆ ಗೋಡೆಯೊಳಗಿನದೂ ನಮ್ಮದೇ ಎಂದು ನನ್ನ ಹೆಂಡತಿ ಹೇಳಿದಳು, ಆ ಮಾತನ್ನು ಸುಲಭವಾಗಿ ತಳ್ಳಿಹಾಕಲು ನನ್ನಿಂದಲೂ ಆಗಲಿಲ್ಲ. ಏಕೆಂದರೆ ಆ ಮನೆಯ ಕ್ರಯಪತ್ರವನ್ನು ನಾನೇ ಬರೆದುಕೊಂಡಿದ್ದೆ, ಮತ್ತು ಅದರಲ್ಲಿ ನಮ್ಮ ಕಡೆಯ ಕ್ರಯಪತ್ರಗಳಲ್ಲಿ ವಾಡಿಕೆಯಾಗಿರುವ ಸಾಲು ಇತ್ತು: ಸದರಿ ಸ್ವತ್ತಿಗೆ ಸಂಬಂಧಪಟ್ಟ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಗಳಿಗೆ ಇನ್ನು ಮುಂದೆ ನೀವೇ ಹಕ್ಕುದಾರರು. (ಎಣಿಸಿದರೆ ಒಂಬತ್ತಾಗುತ್ತವೆ. ‘ತರು’ ಎಲ್ಲಿಂದಲೋ ಬಂದು ನಡುವೆ ಸೇರಿಕೊಂಡಿದೆ, ನಾವು ಬರಹಗಾರರು ಯಾರೂ ಅದನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ.) ವಿಜಯನಗರದ ಕಾಲದ ದಾನಶಾಸನಗಳಲ್ಲಿ ಕಾಣುವ ಈ ಮಾತನ್ನು ನಾನು ಸಾವಿರಾರು ಸಲ ಛಾಪಾ ಕಾಗದದ ಮೇಲೆ ಬರೆದಿದ್ದೇನೆ. ಬರೆಯುವಾಗ ಒಮ್ಮೆಯಾದರೂ ‘ನಿಧಿ’ ಎಂಬ ಪದದ ಮುಂದೆ ನಿಂತು ಯೋಚಿಸಿದವನಲ್ಲ.

ಆ ರಾತ್ರಿ ಯೋಚಿಸಿದೆ. ಮಾರಿದವರಿಗೆ ಅಲ್ಲೊಂದು ಚೊಂಬು ಇದೆಯೆಂದೇ ಗೊತ್ತಿರಲಿಲ್ಲ, ಕೊಂಡ ನನಗೂ ಗೊತ್ತಿರಲಿಲ್ಲ. ಅದಕ್ಕೆ ಅವರು ಬೆಲೆ ಕೇಳಲಿಲ್ಲ, ನಾನು ಕೊಡಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಭೂಮಿಯ ಜೊತೆಗೆ ಭೂಮಿಗೆ ಅಂಟಿಕೊಂಡಿರುವುದು ವರ್ಗವಾಗುತ್ತದೆ. ಗೋಡೆ ಹಾಗೆ ಅಂಟಿಕೊಂಡದ್ದು, ಗೋಡೆಗೆ ಕೂರಿಸಿದ ಬಾಗಿಲು ಕಿಟಕಿಯೂ ಗೋಡೆಯ ಅನುಭೋಗಕ್ಕಾಗಿಯೇ ಇರುವುದರಿಂದ ಅಂಟಿಕೊಂಡದ್ದೇ. ಆದರೆ ಕಾಸಿನ ಸರದಿಂದ ಗೋಡೆಗೆ ಯಾವ ಉಪಯೋಗವೂ ಇಲ್ಲ. ಯಾರೋ ಒಬ್ಬರು ಅದನ್ನು ಬಿಸಾಡಲಿಲ್ಲ, ಕಳೆದುಕೊಳ್ಳಲೂ ಇಲ್ಲ. ಮತ್ತೆ ತೆಗೆದುಕೊಳ್ಳುತ್ತೇನೆಂಬ ಭರವಸೆಯಿಂದ ಬಾಯಿಗೆ ಗಾರೆ ಮೆತ್ತಿ ಇಟ್ಟಿದ್ದಾರೆ. ಬಚ್ಚಿಟ್ಟವರ ಒಡೆತನ ಬಚ್ಚಿಡುವುದರಿಂದ ಹೋಗುವುದಿಲ್ಲ. ಅವರು ತೀರಿಕೊಂಡಿದ್ದರೆ ಅದು ಅವರ ವಾರಸುದಾರರಿಗೆ ಸೇರಬೇಕು, ಗೋಡೆ ಕೊಂಡವನಿಗಲ್ಲ. ಹೀಗೆ ಮನಸ್ಸಿಗೆ ಒಪ್ಪಿಸಿಕೊಂಡು, ಬೆಳಿಗ್ಗೆ ಗ್ರಾಮ ಆಡಳಿತ ಅಧಿಕಾರಿಗೂ ಠಾಣೆಗೂ ಒಂದೊಂದು ಅರ್ಜಿ ಬರೆದೆ. ಎರಡರಲ್ಲೂ ವಸ್ತುಗಳ ಪಟ್ಟಿ, ಸಿಕ್ಕಿದ ಜಾಗ, ದಿನ, ಗಳಿಗೆ ಎಲ್ಲವೂ ಇದ್ದವು.

ಮಧ್ಯಾಹ್ನ ಠಾಣೆಯವರು ಬಂದರು. ಪಂಚನಾಮೆ ಬರೆದದ್ದು ಹತ್ತು ನಿಮಿಷದಲ್ಲಿ. ಅದರ ನಕಲು ನನಗೆ ಸಿಕ್ಕಿಲ್ಲ, ಆದರೆ ಸಹಿ ಹಾಕುವ ಮುನ್ನ ಓದಿದ್ದೇನೆ, ಓದಿದ ದಸ್ತಾವೇಜು ಮರೆಯುವ ಅಭ್ಯಾಸ ನನಗಿಲ್ಲ. ‘ಸದರಿ ಮನೆಯಲ್ಲಿ ದೊರೆತ ಹಳದಿ ಲೋಹದ ಆಭರಣಗಳು 4, ಹಳೆಯ ಕಾಲದ ನಾಣ್ಯಗಳು 41, ತಾಮ್ರದ ಪಾತ್ರೆ 1’ ಎಂದಷ್ಟೇ ಅದರಲ್ಲಿತ್ತು. ಗೋಡೆಯ ಮಾತಿಲ್ಲ, ದೀಪದ ಗೂಡಿಲ್ಲ, ಗಾರೆಯಿಲ್ಲ, ನಾಣ್ಯಗಳ ಇಸವಿಯಿಲ್ಲ, ಚೊಂಬಿನ ಮೇಲಿನ ಅಕ್ಷರಗಳಿಲ್ಲ. ಇವನ್ನು ಸೇರಿಸಿ ಎಂದು ಕೇಳಿದ್ದಕ್ಕೆ, ‘ಅದೆಲ್ಲ ಪುರಾತತ್ವದವರು ನೋಡ್ಕೊಳ್ತಾರೆ ಬಿಡಿ ಮೇಷ್ಟ್ರೇ’ ಎಂಬ ಉತ್ತರ ಬಂತು. ಕನ್ನಡಕ ಹಾಕಿದವರೆಲ್ಲ ನಮ್ಮೂರಿನಲ್ಲಿ ಮೇಷ್ಟ್ರೇ.

ನನ್ನ ಮುಖ್ಯ ದೂರು ಇಲ್ಲಿದೆ, ದಯವಿಟ್ಟು ತಾವು ಇದನ್ನು ಗಮನವಿಟ್ಟು ಓದಬೇಕು. ಬಚ್ಚಿಟ್ಟ ವಸ್ತು ಯಾರದೆಂದು ಹೇಳಬಲ್ಲ ಸಾಕ್ಷಿ ಬೇರೆಲ್ಲೂ ಇರುವುದಿಲ್ಲ, ಅದು ಇದ್ದ ಜಾಗದಲ್ಲಿ ಮತ್ತು ಅದರ ಮೈಮೇಲೆಯೇ ಇರುತ್ತದೆ. 1944ರ ನಾಣ್ಯ ಒಳಗಿದೆಯೆಂದರೆ ಆ ಚೊಂಬನ್ನು ಗೋಡೆಗೆ ಇಟ್ಟದ್ದು 1944ಕ್ಕಿಂತ ಮೊದಲಲ್ಲ ಎಂದು ಸಣ್ಣ ಮಗುವಿಗೂ ತಿಳಿಯುತ್ತದೆ. ಅಂದರೆ ಇಟ್ಟು ನೂರು ವರ್ಷ ಆಗಿಲ್ಲ. ಈ ನೂರು ವರ್ಷದ ಲೆಕ್ಕ ನಾನು ಹುಟ್ಟಿಸಿದ್ದಲ್ಲ. ಬ್ರಿಟಿಷರು ಮಾಡಿದ 1878ರ ನಿಧಿ ಕಾಯ್ದೆಯಲ್ಲೇ ಅದಿದೆ. ಮಣ್ಣಿನಲ್ಲಿ ಅಥವಾ ಮಣ್ಣಿಗೆ ಅಂಟಿಕೊಂಡದ್ದರಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಹತ್ತು ರೂಪಾಯಿಗೆ ಮೀರಿದ್ದಾದರೆ, ಸಿಕ್ಕಿದವನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ, ವಸ್ತುವನ್ನು ಹತ್ತಿರದ ಸರ್ಕಾರಿ ಖಜಾನೆಯಲ್ಲಿ ಇಡಬೇಕು ಇಲ್ಲವೇ ಜಾಮೀನು ಕೊಡಬೇಕು. ಜಿಲ್ಲಾಧಿಕಾರಿಯು ಪ್ರಕಟಣೆ ಹೊರಡಿಸಿ, ಹಕ್ಕು ಹೇಳುವವರು ಹಾಜರಾಗಲು ಪ್ರಕಟಣೆಯಿಂದ ನಾಲ್ಕು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳಿಗೆ ಮೀರದ ಒಂದು ದಿನವನ್ನು ಗೊತ್ತುಮಾಡಬೇಕು. ಯಾರು, ಯಾವ ಸಂದರ್ಭದಲ್ಲಿ ಬಚ್ಚಿಟ್ಟರು ಎಂಬುದನ್ನು ಸಾಧ್ಯವಾದಷ್ಟು ವಿಚಾರಿಸಬೇಕು. ಮುಂದೆ ಬಂದವರೋ ಅವರ ಹಿರಿಯರೋ ನೂರು ವರ್ಷದೊಳಗೆ ಇಟ್ಟದ್ದೆಂದು ನಂಬಲು ಕಾರಣವಿದ್ದರೆ, ಅವರು ಸಿವಿಲ್ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸಿಕೊಳ್ಳಲು ಅವಕಾಶ ಕೊಡಬೇಕು. ಇಷ್ಟಾದ ಮೇಲೂ ಯಾರೂ ನಿಲ್ಲದಿದ್ದರೆ ಮಾತ್ರ ಅದು ವಾರಸುದಾರರಿಲ್ಲದ ವಸ್ತು. ಆಗಲೂ, ಬೇರೆ ಒಪ್ಪಂದವಿಲ್ಲದಿದ್ದರೆ ಮತ್ತು ಜಾಗದ ಒಡೆತನಕ್ಕೆ ತಕರಾರಿಲ್ಲದಿದ್ದರೆ, ನಾಲ್ಕರಲ್ಲಿ ಮೂರು ಪಾಲು ಕಂಡುಹಿಡಿದವರಿಗೆ, ಉಳಿದದ್ದು ಜಾಗದ ಒಡೆಯನಿಗೆ. ಸರ್ಕಾರಕ್ಕೆ ಆ ವಸ್ತು ಬೇಕೆನಿಸಿದರೆ ಅದರ ಬೆಲೆಯ ಮೇಲೆ ಐದನೆಯ ಒಂದು ಭಾಗ ಸೇರಿಸಿ ಕೊಟ್ಟು ಕೊಳ್ಳಬೇಕು.

ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆಯೆಂಬುದು ನನಗೆ ಗೊತ್ತು, ತಮ್ಮ ಕಚೇರಿಗೆ ನನಗಿಂತ ಚೆನ್ನಾಗಿ ಗೊತ್ತು. 1878ರ ಕ್ರಮವನ್ನು ಇಷ್ಟು ವಿಸ್ತಾರವಾಗಿ ಬರೆದದ್ದು, ನಮ್ಮನ್ನು ಆಳಿದ ಪರಕೀಯರೂ ಮೊದಲು ‘ಇದು ಯಾರದು’ ಎಂದು ಕೇಳಿ, ಆಮೇಲೆ ಕೈಚಾಚುತ್ತಿದ್ದರು ಎಂದು ನೆನಪಿಸಲು. ನನ್ನ ಮನೆಯಿಂದ ವಸ್ತುಗಳನ್ನು ತೆಗೆದುಕೊಂಡು ಹೋದದ್ದು ಯಾವ ಕಾಯ್ದೆಯ ಯಾವ ಕಲಮಿನ ಅಡಿಯಲ್ಲಿ ಎಂಬುದನ್ನು ಇವತ್ತಿನವರೆಗೆ ಯಾರೂ ತಿಳಿಸಿಲ್ಲ. ನಿಧಿಯೆಂದು ತೆಗೆದುಕೊಂಡಿದ್ದರೆ ಪ್ರಕಟಣೆ ಎಲ್ಲಿ? ಕಳವಿನ ಶಂಕೆಯ ಮೇಲೆ ಜಪ್ತಿ ಮಾಡಿದ್ದರೆ, ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಹೇಳುವಂತೆ ಮ್ಯಾಜಿಸ್ಟ್ರೇಟರಿಗೆ ಕೂಡಲೇ ವರದಿ ಹೋಗಬೇಕಿತ್ತು, ಹೋಗಿದೆಯೇ? ಪುರಾತನ ವಸ್ತುವೆಂದಾದರೆ, 1972ರ ಕಾಯ್ದೆಯ ಪ್ರಕಾರ ನಾಣ್ಯ ಪುರಾತನವೆನಿಸಲು ನೂರು ವರ್ಷ ತುಂಬಿರಬೇಕು. ತುಂಬಿದ ಮಾತ್ರಕ್ಕೆ ಅದು ಸರ್ಕಾರದ್ದಾಗಿಬಿಡುವುದಿಲ್ಲ, ಸರ್ಕಾರ ಬಯಸಿದರೆ ಪರಿಹಾರ ಕೊಟ್ಟು ಪಡೆಯಬೇಕು. ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯುವಂತಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆ. ಆ ಕಾನೂನು ಯಾವುದು ಎಂದು ಕೇಳುವುದು ಉದ್ಧಟತನವಾಗಲಾರದು ಎಂದುಕೊಂಡಿದ್ದೇನೆ.

ಇನ್ನು ಆ ಚೊಂಬಿನವರ ವಿಷಯ. ಮನೆ ಮಾರಿದವರು ಬೆಂಗಳೂರಿನಲ್ಲಿದ್ದಾರೆ. ಫೋನು ಮಾಡಿ ತಿಳಿಸಿದಾಗ ಅವರು, ‘ನನಗೇನೂ ಗೊತ್ತಿಲ್ಲ, ನಮ್ಮತ್ತೆಯನ್ನು ಕೇಳಿ’ ಎಂದರು. ಅವರ ಸೋದರತ್ತೆಗೆ ಈಗ ಎಂಬತ್ತಾರು ವರ್ಷ. ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಹೋಗಿ ಅಕ್ಷರಗಳನ್ನು ಹೇಳಲಿಲ್ಲ, ಒಂದು ತಾಮ್ರದ ಚೊಂಬು ಸಿಕ್ಕಿದೆ ಎಂದಷ್ಟೇ ಹೇಳಿದೆ. ಅವರು ನೆಲದ ಮೇಲೆ ಬೆರಳಿನಿಂದ ಮೂರು ಅಕ್ಷರ ಬರೆದು, ‘ಇಂಗಿದ್ಯೇನಪ್ಪ? ಅಂಗಿದ್ರೆ ಅದು ನಮ್ಮವ್ವನ ತೌರಿನ ಚೊಂಬು’ ಎಂದರು. ಅವೇ ಮೂರು ಅಕ್ಷರ, ಅದೇ ಅನುಕ್ರಮ.

ಅವರ ತಾಯಿ ತೀರಿಕೊಂಡದ್ದು 1967ರಲ್ಲಿ. ಕಾಸಿನ ಸರ ಮನೆಯಲ್ಲಿ ಕೊನೆಯದಾಗಿ ಕಂಡದ್ದು ಅಕ್ಕಸಾಲಿಗರಿಗೆ ಕೆಲಸವಿಲ್ಲದಂತಾದ ಕಾಲದಲ್ಲಿ ಎಂದು ಅವರ ನೆನಪು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮಗಳು ಬಂದು, 14 ಕ್ಯಾರೆಟ್ಟಿಗೆ ಮೇಲ್ಪಟ್ಟ ಶುದ್ಧತೆಯ ಹೊಸ ಒಡವೆ ಮಾಡುವುದನ್ನು ನಿಷೇಧಿಸಿದ ದಿನಗಳವು. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು, ಸರ್ಕಾರ ಮನೆಮನೆಯ ಚಿನ್ನವನ್ನೂ ಎತ್ತಿಕೊಂಡು ಹೋಗುತ್ತದೆಂಬ ಗುಲ್ಲು ಹಳ್ಳಿಗಳಲ್ಲಿ ಹಬ್ಬಿತ್ತಂತೆ. ಆ ಗುಲ್ಲನ್ನು ನಂಬಿ ತಾಯಿ ಯಾರಿಗೂ ಹೇಳದೆ ಗೋಡೆ ಸೇರಿಸಿರಬೇಕು. ಅವರು ಹೆದರಿದ್ದು ಸುಳ್ಳಾಗಲಿಲ್ಲ, ಅರವತ್ತು ವರ್ಷ ತಡವಾಯಿತು ಅಷ್ಟೆ.

ತಾಯಿ ಹೋದ ಮೇಲೆ ಸರ ಸಿಗದಿದ್ದಾಗ ಮನೆಯವರು ಹಿರಿಯ ಸೊಸೆಯ ಮೇಲೆ ಸಂಶಯಪಟ್ಟರು. ತೌರಿಗೆ ಸಾಗಿಸಿದಳು ಎಂದರು. ಆಕೆ ಆ ಅಪವಾದವನ್ನು ಹೊತ್ತುಕೊಂಡೇ ಆ ಮನೆಯಲ್ಲಿ ಬದುಕಿ, ಹೊತ್ತುಕೊಂಡೇ ತೀರಿಕೊಂಡರು. ಇದನ್ನು ಹೇಳುವಾಗ ಆ ಹಿರಿಯರು ನನ್ನ ಮುಖ ನೋಡಲಿಲ್ಲ. ‘ನಾನೂ ಅಂದಿದ್ದೆ ಕಣಪ್ಪ, ಅತ್ತಿಗೆನ’ ಎಂದರು. ಅವರಿಗೆ ಚಿನ್ನದ ಮೇಲೆ ಆಸೆಯಿಲ್ಲ. ಸರ ಗೋಡೆಯಲ್ಲೇ ಇತ್ತು ಎಂದು ಸರ್ಕಾರದ ಮೊಹರು ಬಿದ್ದ ಒಂದು ಕಾಗದ ಬೇಕು, ಆ ಅತ್ತಿಗೆಯ ಮಕ್ಕಳ ಕೈಗೆ ಕೊಡಲು. ನಮ್ಮ ಪಂಚನಾಮೆಯಲ್ಲಿ ಇಲ್ಲದಿರುವುದು ಆ ಮಾತೇ: ಗೋಡೆ.

ಕಾನೂನಿನ ದೃಷ್ಟಿಯಿಂದಲೂ ಈ ಹಿರಿಯರ ಮಾತಿಗೆ ತೂಕವಿದೆ. ತೌರಿನಿಂದ ಬಂದ ಒಡವೆ ಸ್ತ್ರೀಧನ, ಅದರ ಪೂರ್ಣ ಒಡೆತನ ಆ ತಾಯಿಯದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಉಯಿಲು ಬರೆಯದೆ ತೀರಿಕೊಂಡ ಹೆಣ್ಣಿನ ಸ್ವತ್ತು 15ನೇ ಕಲಮಿನಂತೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಗುತ್ತದೆ. ಮನೆಯನ್ನು ಮಾರಿದ ಮೊಮ್ಮಗ ಒಬ್ಬನೇ ಇದರಲ್ಲಿ ಹಕ್ಕುದಾರನಲ್ಲ, ಮನೆ ಕೊಂಡ ನಾನಂತೂ ಅಲ್ಲವೇ ಅಲ್ಲ. ನನ್ನ ಈ ತರ್ಕ ತಪ್ಪೆಂದು ನ್ಯಾಯಾಲಯ ಹೇಳಿದರೆ ತಲೆಬಾಗುತ್ತೇನೆ. ನ್ಯಾಯಾಲಯದ ಮುಂದೆ ಹೋಗುವ ದಾರಿಯನ್ನೇ ಹತ್ತು ನಿಮಿಷದ ಪಂಚನಾಮೆ ಮುಚ್ಚಿಬಿಡಬಾರದು ಎಂಬುದಷ್ಟೇ ನನ್ನ ವಾದ.

ಈಗ ಕೂಲಿಯವರ ಮಾತಿಗೆ ಬರುತ್ತೇನೆ, ಇದನ್ನು ಬರೆಯುವಾಗ ಕೈ ನಡುಗುತ್ತದೆ. ಅರ್ಜಿ ಕೊಟ್ಟ ದಿನ ಸಂಜೆ ಇಬ್ಬರನ್ನೂ ಠಾಣೆಗೆ ಕರೆಸಿ ರಾತ್ರಿಯವರೆಗೆ ಕೂರಿಸಿಕೊಂಡರು. ‘ಇನ್ನೆಷ್ಟು ಎತ್ತಿಟ್ಟಿದ್ದೀರಿ’ ಎಂಬುದೇ ಪ್ರಶ್ನೆ, ಇನ್ನೊಂದು ಬುಗುಡಿ ಎಲ್ಲಿ ಎಂಬುದು ಅದರ ಆಧಾರ. ಜೋಡಿ ಸಿಗಲಿಲ್ಲವೆಂದು ಅರ್ಜಿಯಲ್ಲಿ ಬರೆದವನು ನಾನೇ. ಮಾರನೆಯ ದಿನ ಆ ಹೆಣ್ಣುಮಗಳ ಮನೆ ಜಾಲಾಡಿದರು. ನಾನು ಹೋಗುವಷ್ಟರಲ್ಲಿ ರಾಗಿ ಹಿಟ್ಟಿನ ಡಬ್ಬವನ್ನು ಅಂಗಳದಲ್ಲಿ ಬೋರಲು ಹಾಕಿದ್ದರು. ಆಕೆ ಕೂತು ಮೇಲಿನ ಹಿಟ್ಟನ್ನಷ್ಟು ಅಂಗೈಯಲ್ಲಿ ತೆಗೆದು ಮತ್ತೆ ಡಬ್ಬಕ್ಕೆ ತುಂಬುತ್ತಿದ್ದಳು, ಮಣ್ಣು ತಾಗಿದ್ದನ್ನು ಬಿಟ್ಟು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ಯಾರೂ ಬರೆದುಕೊಡಲಿಲ್ಲ. ಅಂದಿನಿಂದ ಊರಿನ ಮೇಸ್ತ್ರಿಗಳು ಅವಳನ್ನು ಕೆಲಸಕ್ಕೆ ಕರೆಯುತ್ತಿಲ್ಲ, ‘ನಿಧಿಯೋಳು’ ಎನ್ನುತ್ತಾರೆ. ನಮ್ಮ ಕಡೆ ನಿಧಿ ಎಂಬ ಪದಕ್ಕೆ ಅಮಾವಾಸ್ಯೆ, ಮಂತ್ರವಾದಿ, ಕೋಟೆ ಬೆಟ್ಟಗಳಲ್ಲಿ ವೀರಗಲ್ಲು ಬಸವಣ್ಣಗಳನ್ನು ಕಿತ್ತು ಅಗೆಯುವವರು ಇವೆಲ್ಲ ಅಂಟಿಕೊಂಡಿರುವುದು ತಮಗೂ ತಿಳಿದಿದೆ. ಹಗಲು ಹೊತ್ತಿನಲ್ಲಿ, ಮನೆಯ ಯಜಮಾನನನ್ನು ಕೂಗಿ ಕರೆದು ತೋರಿಸಿದವಳನ್ನು ಆ ಸಾಲಿಗೆ ಸೇರಿಸುವುದು ಯಾವ ನ್ಯಾಯ? ಸಿಕ್ಕಿದ ವಸ್ತುವನ್ನು ಒಡೆಯನಿಗೆ ತಲುಪಿಸುವ ಸಲುವಾಗಿ ಎತ್ತಿಕೊಂಡವನು ಕೂಡ ಅಪರಾಧಿಯಲ್ಲವೆಂದು ನ್ಯಾಯ ಸಂಹಿತೆಯ 314ನೇ ಕಲಮಿನ ವಿವರಣೆಯೇ ಹೇಳುತ್ತದೆ. ಇವಳು ಮುಟ್ಟಲೂ ಇಲ್ಲ.

ಊರಿನಲ್ಲಿ ಈಗ ಜನ ಏನು ಹೇಳುತ್ತಿದ್ದಾರೆಂಬುದನ್ನೂ ತಮಗೆ ತಿಳಿಸಬೇಕು. ಹಳೆಯ ಮನೆಗಳು ವಾರಕ್ಕೊಂದರಂತೆ ಬೀಳುತ್ತಿವೆ, ಆರ್‌ಸಿಸಿ ಏಳುತ್ತಿದೆ. ಮುಂದಿನ ಚೊಂಬು ಸಿಕ್ಕಿದವರು ಅರ್ಜಿ ಬರೆಯುವುದಿಲ್ಲ, ರಾತ್ರಿಯೇ ಮೂಸೆಗೆ ಹಾಕಿಸುತ್ತಾರೆ. ‘ಸಾಮೀ, ನೀವು ಓದಿದೋರು, ಅದಕ್ಕೇ ಕೆಟ್ರಿ’ ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಆ ವಸ್ತುಗಳು ಠಾಣೆಯ ಮುದ್ದೆಮಾಲಿನ ಕೋಣೆಯಲ್ಲಿದ್ದರೆ ಅವನ್ನು ಮೊಹರು ಮಾಡಿ ಖಜಾನೆಗೆ ತರಿಸಬೇಕು. ತರಿಸಿದ ದಿನ ಆ ಹಿರಿಯರು, ಮನೆ ಮಾರಿದವರು, ಕೂಲಿಯವರಿಬ್ಬರು ಮತ್ತು ನನ್ನ ಎದುರಿಗೆ ಹೊಸದಾಗಿ ಪಟ್ಟಿ ಮಾಡಿಸಿ, ಪ್ರತಿ ನಾಣ್ಯದ ಇಸವಿ, ಪ್ರತಿ ಒಡವೆಯ ತೂಕ, ಚೊಂಬಿನ ಅಕ್ಷರಗಳ ಛಾಯಾಚಿತ್ರ, ಸಿಕ್ಕಿದ ಜಾಗದ ವಿವರ ದಾಖಲಿಸಬೇಕು. ಗೋಡೆಯ ಉಳಿದ ಭಾಗವನ್ನೂ ದೀಪದ ಗೂಡನ್ನೂ ನಾನು ಕೆಡವಿಸಿಲ್ಲ, ಮೇಲೆ ಟಾರ್ಪಾಲು ಹೊದಿಸಿ ಹಾಗೆಯೇ ಇಟ್ಟಿದ್ದೇನೆ. ಯಾವ ಕಾಯ್ದೆಯ ಅಡಿಯಲ್ಲಿ ವಿಚಾರಣೆ ನಡೆಯುತ್ತದೆಂದು ಲಿಖಿತವಾಗಿ ತಿಳಿಸಿ, ಹಕ್ಕು ಹೇಳುವವರಿಗೆ ಸಾಕಷ್ಟು ಕಾಲಾವಕಾಶವಿರುವ ಪ್ರಕಟಣೆಯನ್ನು ಹೊರಡಿಸಬೇಕು. ಕೂಲಿಯವರಿಬ್ಬರ ಮೇಲೆ ಯಾವ ಆಪಾದನೆಯೂ ಇಲ್ಲವೆಂಬ ಪತ್ರವನ್ನು, ವಿಚಾರಣೆ ಮುಗಿಯುವವರೆಗೆ ಕಾಯದೆ, ಮೊದಲು ಕೊಡಿಸಬೇಕು. ಕೊನೆಗೆ ವಾರಸುದಾರರಿಲ್ಲವೆಂದು ತೀರ್ಮಾನವಾದರೆ ಕಂಡುಹಿಡಿದವರೆಂಬ ಪಾಲು ಅವರದು, ನನ್ನದಲ್ಲ ಎಂದು ಈ ಪತ್ರವನ್ನೇ ನನ್ನ ಹೇಳಿಕೆಯಾಗಿ ಪರಿಗಣಿಸಬಹುದು. ಜೊತೆಗೆ, ಇಂಥ ವಸ್ತು ಸಿಕ್ಕಾಗ ಏನು ಬರೆಯಬೇಕು, ಯಾರಿಗೆ ಸ್ವೀಕೃತಿ ಕೊಡಬೇಕು, ಎಲ್ಲಿ ಇಡಬೇಕು ಎಂಬ ಒಂದು ಪುಟದ ಸುತ್ತೋಲೆಯನ್ನು ಜಿಲ್ಲೆಯ ಎಲ್ಲ ತಾಲ್ಲೂಕು ಕಚೇರಿಗಳಿಗೂ ಠಾಣೆಗಳಿಗೂ ಕಳುಹಿಸಿದರೆ, ನಾಳೆ ಮತ್ತೊಬ್ಬರು ಇಷ್ಟುದ್ದದ ಪತ್ರ ಬರೆಯುವ ಪ್ರಮೇಯ ಬರುವುದಿಲ್ಲ.

ಆ ಹಿರಿಯರಿಗೆ ಬಸ್ಸು ಹತ್ತಲು ಆಗುವುದಿಲ್ಲ. ತುಮಕೂರಿಗೆ ಯಾವ ದಿನ ಬರಬೇಕೆಂದು ತಾವು ತಿಳಿಸಿದರೆ, ಕಾರು ಮಾಡಿಕೊಂಡು ನಾನೇ ಕರೆತರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದಸ್ತಾವೇಜು ಬರಹಗಾರ,
ತುಮಕೂರು ಜಿಲ್ಲೆ